ಮಗಳ ವಯಸ್ಸು ಸೊನ್ನೆ ಬಂದಾಗ: ಗಣಿತದ ಹೋಮ್‌ವರ್ಕ್ ಬಗ್ಗೆ ತಾಯಿಯೊಬ್ಬರಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಹೋಮ್‌ವರ್ಕ್ ತಪ್ಪದೆ ಮಾಡುತ್ತಾಳೆ, ಗೊತ್ತಾಗದಿದ್ದರೆ ಗೈಡ್ ಅಥವಾ ಫೋನ್ ನೋಡಿ ಬರೆಯುತ್ತಾಳೆ. ಆದರೆ ಕಿರುಪರೀಕ್ಷೆಯಲ್ಲಿ ಅದೇ ರೀತಿಯ ಲೆಕ್ಕ ಬಂದರೂ ತಪ್ಪು ಮಾಡುತ್ತಾಳೆ. ನಾನು ಪಿಯುಸಿಯಲ್ಲಿ ಕಲಾ ವಿಭಾಗದಲ್ಲಿ ಓದಿದವಳು, ಗಣಿತ ಬಿಟ್ಟು ಇಪ್ಪತ್ತು ವರ್ಷವಾಯಿತು. ಅವಳು ತಪ್ಪು ಮಾಡಿದ ನಾಲ್ಕು ಲೆಕ್ಕಗಳನ್ನು ನೋಟ್‌ಬುಕ್ಕಿನಿಂದ ನಕಲು ಮಾಡಿ ಕಳಿಸಿದ್ದೇನೆ. ಟ್ಯೂಷನ್‌ಗೆ ಹಾಕದೆ ನಾನೇ ಪಕ್ಕದಲ್ಲಿ ಕೂತು ಸಹಾಯ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ನೀವು ಕಳಿಸಿದ ನಾಲ್ಕು ಲೆಕ್ಕಗಳನ್ನು ನಿಧಾನವಾಗಿ ನೋಡಿದೆ. ನಿಮ್ಮ ಮಗಳಿಗೆ ಗಣಿತ ಬಾರದು ಎಂದು ಅವು ಎಲ್ಲಿಯೂ ಹೇಳುವುದಿಲ್ಲ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವಾಗ ಯಾವ ಕಾರಣದಿಂದ ಹೋದೆ ಎಂದು ಅವಳು ತನ್ನನ್ನು ಕೇಳಿಕೊಳ್ಳುತ್ತಿಲ್ಲ ಎಂಬುದನ್ನಷ್ಟೇ ಅವು ಹೇಳುತ್ತವೆ. ನಕಲು ಮಾಡುವಾಗ ಸಾಲುಗಳು ಮಾತ್ರ ಬರುತ್ತವೆ, ಎರಡು ಸಾಲುಗಳ ನಡುವೆ ಇರುವ ಕಾರಣ ಬರುವುದಿಲ್ಲ. ಪರೀಕ್ಷೆಯಲ್ಲಿ ಸಂಖ್ಯೆಗಳು ಬದಲಾದಾಗ ಬೇಕಾಗುವುದು ಆ ಕಾರಣವೇ. ಆದ್ದರಿಂದ ನಾನು ಇಲ್ಲಿ ಬರೀ ಉತ್ತರಗಳನ್ನು ಕೊಡದೆ ಪ್ರತಿ ಲೆಕ್ಕದಲ್ಲೂ ಅವಳ ಕೈ ಜಾರಿದ ಸಾಲನ್ನು ಹಿಡಿದು ಮಾತಾಡುತ್ತೇನೆ.

ಒಂದು ಸಣ್ಣ ಸೂಚನೆ. ಪಠ್ಯಪುಸ್ತಕದಲ್ಲಿ ಅವ್ಯಕ್ತಕ್ಕೆ ಎಕ್ಸ್ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಇಲ್ಲಿ ನಾನು ‘ಯ’ ಎಂದು ಬರೆಯುತ್ತೇನೆ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’, ಅಂದರೆ ‘ಎಷ್ಟಿದೆಯೋ ಅಷ್ಟು’, ಎಂದು ಕರೆದು ಅದರ ಮೊದಲಕ್ಷರವನ್ನು ಬಳಸುತ್ತಿದ್ದರು. ಅಕ್ಷರ ಯಾವುದಾದರೂ ಲೆಕ್ಕ ಬದಲಾಗುವುದಿಲ್ಲ ಎಂಬುದು ಮಗಳಿಗೂ ತಿಳಿದರೆ ಒಳ್ಳೆಯದೇ.

ಮೊದಲ ಲೆಕ್ಕ ಹೀಗಿದೆ: ತಂದೆಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು. 12 ವರ್ಷಗಳ ನಂತರ ಅದು ಮಗಳ ವಯಸ್ಸಿನ ಎರಡರಷ್ಟಾಗುತ್ತದೆ. ಈಗ ಇಬ್ಬರ ವಯಸ್ಸೆಷ್ಟು? ನಿಮ್ಮ ಮಗಳು 3ಯ + 12 = 2ಯ + 12 ಎಂದು ಬರೆದು, ಯ = 0 ಎಂದು ಉತ್ತರ ತೆಗೆದು, ಅದರ ಕೆಳಗೆ ಅಚ್ಚುಕಟ್ಟಾಗಿ ಎರಡು ಗೆರೆ ಎಳೆದಿದ್ದಾಳೆ. ಮಗಳ ವಯಸ್ಸು ಸೊನ್ನೆ, ಅದರ ಮೂರರಷ್ಟಾದ ತಂದೆಯ ವಯಸ್ಸೂ ಸೊನ್ನೆ! ತಂದೆ, ಮಗಳು ಒಂದೇ ಗಳಿಗೆಯಲ್ಲಿ ಹುಟ್ಟಿದ್ದಾರೆ. ಇದನ್ನು ಓದಿ ನಕ್ಕೆನಾದರೂ ಅವಳನ್ನು ಹಾಸ್ಯ ಮಾಡಲು ಈ ಮಾತು ಹೇಳುತ್ತಿಲ್ಲ. ಗೆರೆ ಎಳೆಯುವ ಮೊದಲು ಉತ್ತರವನ್ನು ಪ್ರಶ್ನೆಯ ಪಕ್ಕಕ್ಕಿಟ್ಟು ಒಮ್ಮೆ ಓದಿದ್ದರೆ ಅವಳೇ ನಗುತ್ತಿದ್ದಳು, ತಪ್ಪನ್ನೂ ಅವಳೇ ಹಿಡಿಯುತ್ತಿದ್ದಳು.

ತಪ್ಪು ಇರುವುದು ಬ್ರಾಕೆಟ್ಟಿನಲ್ಲಿ. 12 ವರ್ಷಗಳ ನಂತರ ಮಗಳ ವಯಸ್ಸು ಯ + 12. ಪ್ರಶ್ನೆ ಎರಡರಷ್ಟು ಎನ್ನುವುದು ಈ ಇಡೀ ಮೊತ್ತವನ್ನು, ಆದ್ದರಿಂದ ಅದು 2(ಯ + 12). ಅವಳು ಬರೆದ 2ಯ + 12 ಎಂಬುದರ ಅರ್ಥವೇ ಬೇರೆ: ಈಗಿನ ವಯಸ್ಸನ್ನು ಇಮ್ಮಡಿ ಮಾಡಿ, ಆಮೇಲೆ 12 ಕೂಡಿಸಿದ್ದು. ಇಂಥ ಲೆಕ್ಕಗಳಲ್ಲಿ ಸಮೀಕರಣ ಬರೆಯುವ ಮೊದಲು ನಾಲ್ಕು ಮನೆಗಳ ಒಂದು ಚಿಕ್ಕ ಪಟ್ಟಿ ಹಾಕಿಸಿ. ಮೇಲೆ ‘ಈಗ’ ಮತ್ತು ‘12 ವರ್ಷದ ನಂತರ’, ಪಕ್ಕದಲ್ಲಿ ‘ಮಗಳು’ ಮತ್ತು ‘ತಂದೆ’. ಮಗಳ ಸಾಲಿನಲ್ಲಿ ಯ, ಯ + 12. ತಂದೆಯ ಸಾಲಿನಲ್ಲಿ 3ಯ, 3ಯ + 12. ಪ್ರಶ್ನೆಯ ಎರಡನೆಯ ವಾಕ್ಯ ಕೊನೆಯ ಕಂಬಸಾಲಿನ ಬಗ್ಗೆ ಮಾತಾಡುತ್ತಿದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. 3ಯ + 12 = 2ಯ + 24, ಆದ್ದರಿಂದ ಯ = 12. ಮಗಳಿಗೆ 12, ತಂದೆಗೆ 36. 12 ವರ್ಷ ಕಳೆದ ಮೇಲೆ 24 ಮತ್ತು 48. ಎರಡರಷ್ಟು ಹೌದು.

ಇಂಥ ಸಾಲಿನಲ್ಲಿ ಮಕ್ಕಳು ಹೇಳುವ ‘2ಯ ಅನ್ನು ಆಚೆ ಕಳಿಸಿದೆ’ ಎಂಬ ಮಾತಿನ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನನ್ನ ಅನುಭವದಲ್ಲಿ ಬೀಜಗಣಿತದ ಅರ್ಧ ತಪ್ಪುಗಳು ಈ ಮಾತಿನಿಂದಲೇ ಹುಟ್ಟುತ್ತವೆ. ಇದಕ್ಕೆ ಪಕ್ಷಾಂತರ ಎಂದು ಹೆಸರು. ಪಕ್ಷಾಂತರ ಮಾಡಿದ ಕೂಡಲೇ ಚಿಹ್ನೆ ಬದಲಾಗುತ್ತದೆ ಎಂದರೆ ನಮ್ಮ ರಾಜ್ಯದ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ, ತಟ್ಟನೆ ನೆನಪಿನಲ್ಲಿ ನಿಲ್ಲುತ್ತದೆ. ತೊಂದರೆಯೂ ಅದೇ. ಕಾರಣವಿಲ್ಲದೆ ನೆನಪಿನಲ್ಲಿ ನಿಂತ ನಿಯಮವನ್ನು ಮಕ್ಕಳು ಅದು ಸಲ್ಲದ ಕಡೆಯೂ ಬಳಸುತ್ತಾರೆ. 5ಯ = 20 ಎಂದಿದ್ದರೆ 5 ಅನ್ನು ಆಚೆ ಕಳಿಸಿ, ಚಿಹ್ನೆ ಬದಲಿಸಿ, ಯ = 20 − 5 ಎಂದು ಬರೆದವರನ್ನು ಪ್ರತಿ ವರ್ಷ ಕಂಡಿದ್ದೇನೆ. ಯ = −4 ಎಂದು ಬರೆದವರೂ ಇದ್ದಾರೆ.

ನಿಜವಾಗಿ ಯಾವ ಪದವೂ ಎಲ್ಲಿಗೂ ಹೋಗುವುದಿಲ್ಲ. ಸಮ ಚಿಹ್ನೆ ಎಂದರೆ ಸಮತೂಗಿ ನಿಂತ ತಕ್ಕಡಿ. ಎರಡೂ ತಟ್ಟೆಗಳಿಂದ ಒಂದೇ ತೂಕವನ್ನು ತೆಗೆದರೆ, ಎರಡಕ್ಕೂ ಒಂದೇ ತೂಕವನ್ನು ಹಾಕಿದರೆ, ಎರಡನ್ನೂ ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಅದು ಸಮತೂಕದಲ್ಲೇ ಇರುತ್ತದೆ. 3ಯ + 12 = 2ಯ + 24 ಎಂಬಲ್ಲಿ ಎರಡೂ ಕಡೆಯಿಂದ 2ಯ ಕಳೆದೆವು, ಆಮೇಲೆ ಎರಡೂ ಕಡೆಯಿಂದ 12 ಕಳೆದೆವು. 5ಯ = 20 ಎಂಬಲ್ಲಿ 5 ಕೂಡಿಕೊಂಡು ನಿಂತಿಲ್ಲ, ಗುಣಿಸಿಕೊಂಡು ನಿಂತಿದೆ, ಆದ್ದರಿಂದ ಎರಡೂ ಕಡೆ 5ರಿಂದ ಭಾಗಿಸಬೇಕು. ಒಂದು ತಿಂಗಳ ಮಟ್ಟಿಗೆ ಮನೆಯಲ್ಲಿ ‘ಆಚೆ ಕಳಿಸಿದೆ’ ಎಂಬ ಮಾತನ್ನೇ ನಿಷೇಧಿಸಿ. ಪ್ರತಿ ಸಾಲಿನ ಬಲಕ್ಕೆ ‘ಎರಡೂ ಕಡೆ 12 ಕಳೆದಿದೆ’, ‘ಎರಡೂ ಕಡೆ 5ರಿಂದ ಭಾಗಿಸಿದೆ’ ಎಂದು ಬರೆಸಿ. ಕೈಗೆ ಬೇಸರವಾಗುತ್ತದೆ, ಆಗಲಿ.

ಎರಡನೆಯ ಲೆಕ್ಕ ಭಿನ್ನರಾಶಿಯದು: (2ಯ + 1)/3 − (ಯ − 3)/2 = 3. ನಿಮ್ಮ ಮಗಳು ಛೇದಗಳ, ಅಂದರೆ ಗೆರೆಯ ಕೆಳಗಿನ ಸಂಖ್ಯೆಗಳ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 6 ಎಂದು ಸರಿಯಾಗಿ ಕಂಡುಕೊಂಡು, ಎರಡೂ ಕಡೆ 6ರಿಂದ ಗುಣಿಸಿದ್ದಾಳೆ. ಬಲಗಡೆಯ 3 ಅನ್ನು 6ರಿಂದ ಗುಣಿಸಲು ಮರೆಯುವುದು ಇಲ್ಲಿಯ ಸಾಮಾನ್ಯ ತಪ್ಪು. ಅದನ್ನು ಅವಳು ಮಾಡಿಲ್ಲ, 18 ಎಂದೇ ಬರೆದಿದ್ದಾಳೆ. ಇದನ್ನು ಅವಳಿಗೆ ಮೊದಲು ಹೇಳಿ. ಜಾರಿದ್ದು ಮುಂದಿನ ಸಾಲಿನಲ್ಲಿ: 4ಯ + 2 − 3ಯ − 9 = 18, ಆದ್ದರಿಂದ ಯ = 25. ಭಿನ್ನರಾಶಿಯ ನಡುವೆ ಇರುವ ಗೆರೆ ಬ್ರಾಕೆಟ್ಟಿನ ಕೆಲಸವನ್ನೂ ಮಾಡುತ್ತಿರುತ್ತದೆ. ಛೇದ ಹೋದೊಡನೆ ಗೆರೆಯೂ ಹೋಗುತ್ತದೆ, ಆ ಜಾಗದಲ್ಲಿ ಬ್ರಾಕೆಟ್ ಹಾಕದಿದ್ದರೆ ಮುಂದಿದ್ದ ಕಳೆಯುವ ಚಿಹ್ನೆ ಮೊದಲ ಪದವನ್ನಷ್ಟೇ ಮುಟ್ಟಿ ನಿಂತುಬಿಡುತ್ತದೆ. 2(2ಯ + 1) − 3(ಯ − 3) = 18 ಎಂಬ ಸಾಲನ್ನು ಅವಳು ಹಾರಿಸದೆ ಬರೆದಿದ್ದರೆ −3 ಮತ್ತು −3 ಗುಣಿಸಿ +9 ಬರುತ್ತದೆ ಎಂಬುದು ತಪ್ಪುತ್ತಿರಲಿಲ್ಲ. 4ಯ + 2 − 3ಯ + 9 = 18, ಅಂದರೆ ಯ + 11 = 18, ಯ = 7.

ತಾಳೆ ನೋಡುವುದು ನಿಮ್ಮ ಕೆಲಸ. ಇದಕ್ಕೆ ಬೀಜಗಣಿತ ಬೇಕಿಲ್ಲ. ಯ ಇದ್ದ ಕಡೆ 7 ಹಾಕಿ: 15ನ್ನು 3ರಿಂದ ಭಾಗಿಸಿದರೆ 5, 4ನ್ನು 2ರಿಂದ ಭಾಗಿಸಿದರೆ 2, 5ರಲ್ಲಿ 2 ಕಳೆದರೆ 3. ಸರಿ. ಅವಳ 25 ಹಾಕಿ ನೋಡಿ: 51ನ್ನು 3ರಿಂದ ಭಾಗಿಸಿದರೆ 17, 22ರ ಅರ್ಧ 11, ವ್ಯತ್ಯಾಸ 6. ಬೇಕಾದದ್ದು 3. ಹೀಗಾಗಿ ಸಮೀಕರಣ ಬಿಡಿಸಲು ಬಾರದವರೂ ಉತ್ತರ ಸರಿಯೇ ಎಂದು ಅರ್ಧ ನಿಮಿಷದಲ್ಲಿ ಹೇಳಬಹುದು. ಆದರೆ ತಪ್ಪು ಎಂದು ಕಂಡಾಗ ಸರಿ ಉತ್ತರವನ್ನು ಹೇಳಬೇಡಿ, ‘ತಾಳೆಯಾಗುತ್ತಿಲ್ಲ, ಯಾವ ಸಾಲಿನಲ್ಲಿ ಎಂದು ನೀನೇ ಹುಡುಕು’ ಎಂದಷ್ಟೇ ಹೇಳಿ. ಫೋನಿನ ಕ್ಯಾಮೆರಾ ಹಿಡಿದರೆ ಲೆಕ್ಕ ಬಿಡಿಸಿಕೊಡುವ ಆ್ಯಪ್‌ಗಳನ್ನು ನಾನು ವಿರೋಧಿಸುವುದಿಲ್ಲ. ಈ ಹುಡುಕಾಟದ ನಂತರ, ತನ್ನ ಸಾಲುಗಳನ್ನು ಅದರ ಸಾಲುಗಳ ಜೊತೆ ಹೋಲಿಸಲು ಅವಳು ಧಾರಾಳವಾಗಿ ಬಳಸಲಿ.

ಲ.ಸಾ.ಅ. ಮಾತು ಬಂದದ್ದರಿಂದ ಇದೊಂದನ್ನು ಹೇಳಬೇಕೆನಿಸುತ್ತದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಛೇದಗಳ ಲ.ಸಾ.ಅ. ತೆಗೆದು ಭಿನ್ನರಾಶಿಗಳನ್ನು ಕೂಡಿಸುವ ಕ್ರಮವನ್ನು ಹೇಳಿದ್ದಾರೆ. ಲ.ಸಾ.ಅ.ವನ್ನು ಅವರು ‘ನಿರುದ್ಧ’ ಎಂದು ಕರೆದರು. ವರ್ಗಮೂಲ ಧನವೂ ಆಗಬಹುದು, ಋಣವೂ ಆಗಬಹುದು ಎಂಬ ಮಾತೂ ಅದೇ ಗ್ರಂಥದಲ್ಲಿದೆ. ನಿಮ್ಮ ಮಗಳು ಪುಟದ ಅಂಚಿನಲ್ಲಿ ಯ² = 49, ಆದ್ದರಿಂದ ಯ = 7 ಎಂದು ಗೀಚಿರುವುದು ಕಂಡಿತು. −7 ಅನ್ನು −7ರಿಂದಲೇ ಗುಣಿಸಿದರೆ ಎಷ್ಟು ಎಂದು ಕೇಳಿದರೆ ಸಾಕು.

ಮೂರನೆಯ ಲೆಕ್ಕ: ಯ + 1/ಯ = 5 ಆದರೆ ಯ² + 1/ಯ² ಎಷ್ಟು? ಅವಳ ಉತ್ತರ 25. ಎರಡೂ ಕಡೆ ವರ್ಗ ಮಾಡಬೇಕೆಂದು ಅವಳಿಗೆ ಹೊಳೆದಿದೆ, ಅದು ಸರಿಯೇ. ಆದರೆ ಮೊತ್ತದ ವರ್ಗವನ್ನು ಅವಳು ವರ್ಗಗಳ ಮೊತ್ತ ಎಂದು ತಿಳಿದಿದ್ದಾಳೆ. (ಅ + ಬ)² = ಅ² + 2ಅಬ + ಬ² ಎಂಬ ನಿತ್ಯಸಮೀಕರಣವನ್ನು ಬಾಯಿಪಾಠ ಒಪ್ಪಿಸು ಎಂದರೆ ತಪ್ಪಿಲ್ಲದೆ ಒಪ್ಪಿಸುತ್ತಾಳೆ ಎಂದು ನೀವೇ ಬರೆದಿದ್ದೀರಿ. ಬಾಯಿಗೆ ಬಂದದ್ದು ಕೈಗೆ ಬರಬೇಕಾದರೆ ಒಮ್ಮೆ ಕಣ್ಣಿನ ಮೂಲಕ ಹೋಗಬೇಕು. ಚೌಕುಳಿ ಹಾಳೆಯಲ್ಲಿ ಉದ್ದ 7, ಅಗಲ 7 ಮನೆಗಳ ಒಂದು ಚೌಕ ಬರೆಸಿ. ಪ್ರತಿ ಅಂಚನ್ನೂ 3 ಮತ್ತು 4 ಎಂದು ಭಾಗ ಮಾಡಿ, ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆಸಿ. ಒಳಗೆ ನಾಲ್ಕು ತುಂಡುಗಳಾಗುತ್ತವೆ. ಒಂದು ಮೂಲೆಯಲ್ಲಿ 9 ಮನೆಗಳ ಚಿಕ್ಕ ಚೌಕ, ಅದರ ಎದುರು ಮೂಲೆಯಲ್ಲಿ 16 ಮನೆಗಳ ಚೌಕ, ಉಳಿದೆರಡು ಮೂಲೆಗಳಲ್ಲಿ 12 ಮನೆಗಳ ಎರಡು ಆಯತಗಳು. ಎರಡು ಚೌಕಗಳಿಗೆ ಮಾತ್ರ ಬಣ್ಣ ಹಾಕು ಎನ್ನಿ. ಒಟ್ಟು 49 ಮನೆಗಳಲ್ಲಿ ಬಣ್ಣ ಬಂದದ್ದು 25ಕ್ಕೆ. ಬಿಳಿಯಾಗಿ ಉಳಿದ 24 ಮನೆಗಳೇ ಅವಳು ಬಿಟ್ಟ ‘2ಅಬ’.

ಈಗ ಲೆಕ್ಕಕ್ಕೆ ಬನ್ನಿ. ಯ + 1/ಯ ಎಂಬುದರ ವರ್ಗದಲ್ಲಿ ಮಧ್ಯದ ಪದ 2 × ಯ × 1/ಯ. ಯ ಮತ್ತು 1/ಯ ಗುಣಿಸಿದರೆ 1, ಆದ್ದರಿಂದ ಮಧ್ಯದ ಪದ ಬರೀ 2. ಯ² + 2 + 1/ಯ² = 25 ಎಂದಾಗುತ್ತದೆ, ಉತ್ತರ 23. ಇದು ನಂಬಿಕೆಗೆ ಬರಲು ಸುಲಭದ ಸಂಖ್ಯೆಯೊಂದನ್ನು ಹಾಕಿ ನೋಡಲಿ: ಯ = 2 ಆದರೆ ಯ + 1/ಯ ಎಂಬುದು 2.5, ಅದರ ವರ್ಗ 6.25. ಯ² + 1/ಯ² ಎಂಬುದು 4 + 0.25, ಅಂದರೆ 4.25. ವ್ಯತ್ಯಾಸ ಸರಿಯಾಗಿ 2.

ಇದೇ ತಪ್ಪು ರೇಖಾಗಣಿತದಲ್ಲಿ ವೇಷ ಬದಲಿಸಿಕೊಂಡು ಬರುತ್ತದೆ. ಪೈಥಾಗೊರಸ್ ಪ್ರಮೇಯದ ಲೆಕ್ಕಗಳಲ್ಲಿ 30² + 40² ಎಂಬುದರ ವರ್ಗಮೂಲ ತೆಗೆಯುವಾಗ ಮಕ್ಕಳು 30 + 40 = 70 ಎಂದು ಬರೆದುಬಿಡುತ್ತಾರೆ. ನಮ್ಮ ಊರುಗಳಲ್ಲಿ ಮೂವತ್ತು–ನಲವತ್ತರ ಸೈಟು ಯಾರಿಗೆ ಗೊತ್ತಿಲ್ಲ? ಒಂದು ಮೂಲೆಯಿಂದ ಎದುರು ಮೂಲೆಗೆ ಅಂಚಿನಗುಂಟ ನಡೆದರೆ 70 ಅಡಿ, ಸೈಟಿನ ನಡುವೆ ಓರೆಯಾಗಿ ಹಾದರೆ 50 ಅಡಿ. ಓರೆಯ ದಾರಿ ಹತ್ತಿರದ್ದು ಎಂದು ಗೊತ್ತಿರುವ ಮಗು 70 ಎಂದು ಬರೆಯಬಾರದು. ಪಾಯ ತೆಗೆಯುವಾಗ ಮೇಸ್ತ್ರಿ ಮಾಡುವುದನ್ನೂ ಅವಳಿಗೆ ತೋರಿಸಿ. ಒಂದು ದಾರದ ಮೇಲೆ ಮೂಲೆಯಿಂದ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ, ಗುರುತುಗಳ ನಡುವೆ ಟೇಪು ಹಿಡಿಯುತ್ತಾನೆ. 5 ಅಡಿ ಬರುವವರೆಗೆ ಒಂದು ದಾರವನ್ನು ಸರಿಸುತ್ತಾನೆ, ಬಂದರೆ ಮೂಲೆ ಸರಿಯಾಗಿ ಕೂತಿದೆ ಎಂದರ್ಥ. ಅವನು ಬಳಸುತ್ತಿರುವುದು ಪ್ರಮೇಯವನ್ನಲ್ಲ, ಪ್ರಮೇಯದ ವಿಲೋಮವನ್ನು. ಪ್ರಮೇಯ ಲಂಬಕೋನದಿಂದ ಬಾಹುಗಳ ಸಂಬಂಧಕ್ಕೆ ಹೋಗುತ್ತದೆ, ಮೇಸ್ತ್ರಿ ಬಾಹುಗಳಿಂದ ಲಂಬಕೋನಕ್ಕೆ ಬರುತ್ತಾನೆ. ಯಾವುದು ಕೊಟ್ಟದ್ದು, ಯಾವುದು ಸಾಧಿಸಬೇಕಾದದ್ದು ಎಂಬ ಈ ದಿಕ್ಕನ್ನು ಮರೆತದ್ದರಿಂದಲೇ ನಾಲ್ಕನೆಯ ಲೆಕ್ಕದಲ್ಲಿ ನಿಮ್ಮ ಮಗಳಿಗೆ ಅಂಕ ಹೋಗಿದೆ.

ಆ ಲೆಕ್ಕ ಇದು: ಅಬಕ ತ್ರಿಭುಜದಲ್ಲಿ ಅಬ = ಅಕ. ಬಅ ಬಾಹುವನ್ನು ಡ ಬಿಂದುವಿನವರೆಗೆ, ಅಡ = ಅಬ ಆಗುವಂತೆ ವೃದ್ಧಿಸಿದೆ. ∠ಬಕಡ ಲಂಬಕೋನ ಎಂದು ಸಾಧಿಸಿ. ‘ಉತ್ತರ ಸರಿಯಿದ್ದರೂ ಒಂದೇ ಅಂಕ ಕೊಟ್ಟಿದ್ದಾರೆ’ ಎಂದು ನೀವು ಬೇಸರದಿಂದ ಬರೆದಿದ್ದೀರಿ. ನಾನಾಗಿದ್ದರೂ ಅಷ್ಟೇ ಕೊಡುತ್ತಿದ್ದೆ. ಅವಳು ಚಿತ್ರ ಬರೆಯುವಾಗ ಅಕ ರೇಖೆಯನ್ನು ನೆಟ್ಟಗೆ, ಬಡ ರೇಖೆಗೆ ಲಂಬವಾಗಿ ನಿಲ್ಲಿಸಿದ್ದಾಳೆ. ಆಮೇಲೆ ‘ಚಿತ್ರದಲ್ಲಿ ಕಾಣುವಂತೆ ∠ಬಅಕ = 90°’ ಎಂದು ಬರೆದು, ಉಳಿದ ಕೋನಗಳನ್ನು 45° ಮಾಡಿ, 45 + 45 = 90 ಎಂದು ಮುಗಿಸಿದ್ದಾಳೆ. ಆದರೆ ∠ಬಅಕ ಎಷ್ಟೆಂದು ಪ್ರಶ್ನೆ ಹೇಳಿಯೇ ಇಲ್ಲ. ಅವಳು ಸಾಧಿಸಿದ್ದು ತನ್ನ ಚಿತ್ರವೊಂದಕ್ಕೆ ಮಾತ್ರ ಸಲ್ಲುವ ಮಾತು. ರೇಖಾಗಣಿತದಲ್ಲಿ ಚಿತ್ರ ಯೋಚಿಸಲು ನೆರವಾಗುತ್ತದೆ, ಸಾಕ್ಷಿ ಹೇಳುವ ಅಧಿಕಾರ ಅದಕ್ಕಿಲ್ಲ.

ಇದಕ್ಕೆ ನಾನು ತರಗತಿಯಲ್ಲಿ ಮಾಡಿಸುತ್ತಿದ್ದ ಉಪಾಯ, ಒಂದೇ ದತ್ತಾಂಶಕ್ಕೆ ಬೇರೆ ಬೇರೆ ಆಕಾರದ ಚಿತ್ರಗಳನ್ನು ಬರೆಸುವುದು. ಕೋನಮಾಪಕ ಹಿಡಿದು ∠ಬಅಕ = 40° ಇರುವಂತೆ ಒಂದು, 120° ಇರುವಂತೆ ಇನ್ನೊಂದು ಬರೆಯಲಿ. ಮೊದಲನೆಯದರಲ್ಲಿ ಅಬಕ ತ್ರಿಭುಜದ ಉಳಿದೆರಡು ಕೋನಗಳು ತಲಾ 70°. ಪಕ್ಕದ ∠ಕಅಡ = 140°, ಆದ್ದರಿಂದ ∠ಅಕಡ = 20°. 70 + 20 = 90. ಎರಡನೆಯದರಲ್ಲಿ 30 + 60 = 90. ಆಕಾರ ಎಷ್ಟು ಬದಲಾದರೂ 90 ಬದಲಾಗುತ್ತಿಲ್ಲ ಎಂದು ಕಂಡಾಗ, ಏಕೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆಗ ಸಾಧನೆ ಬರೆಯಲು ಕೂರಿಸಿ.

ಅಬ = ಅಕ ಎಂಬುದು ದತ್ತ. ಸಮ ಬಾಹುಗಳ ಎದುರಿನ ಕೋನಗಳು ಸಮ, ಆದ್ದರಿಂದ ∠ಅಬಕ ಮತ್ತು ∠ಅಕಬ ಎರಡಕ್ಕೂ ಯ ಎಂದು ಹೆಸರಿಡಿ. ಅಡ = ಅಬ, ಅಬ = ಅಕ, ಆದ್ದರಿಂದ ಅಡ = ಅಕ. ಅದೇ ಕಾರಣದಿಂದ ∠ಅಡಕ ಮತ್ತು ∠ಅಕಡ ಸಮ, ಅವಕ್ಕೆ ನ ಎಂದಿರಲಿ. ಈಗ ದೊಡ್ಡ ತ್ರಿಭುಜ ಬಕಡವನ್ನು ನೋಡಬೇಕು. ಬಹಳ ಮಕ್ಕಳು ಎಡವುವುದು ಇಲ್ಲಿ, ಎರಡು ಚಿಕ್ಕ ತ್ರಿಭುಜಗಳನ್ನು ನೋಡಿದ ಕಣ್ಣಿಗೆ ಅವೆರಡೂ ಸೇರಿ ಆಗಿರುವ ಮೂರನೆಯದು ಕಾಣುವುದೇ ಇಲ್ಲ. ಅದರ ಹೊರ ಅಂಚಿನ ಮೇಲೆ ಬಣ್ಣದ ಪೆನ್ಸಿಲಿನಿಂದ ಒಮ್ಮೆ ಸುತ್ತು ಹಾಕಲಿ. ಅದರ ಮೂರು ಕೋನಗಳು: ಬ ಶೃಂಗದಲ್ಲಿ ಯ, ಡ ಶೃಂಗದಲ್ಲಿ ನ, ಕ ಶೃಂಗದಲ್ಲಿ ಯ + ನ. ತ್ರಿಭುಜದ ಒಳಕೋನಗಳ ಮೊತ್ತ 180°, ಆದ್ದರಿಂದ ಯ + ನ + (ಯ + ನ) = 180, ಅಂದರೆ 2(ಯ + ನ) = 180, ಎರಡೂ ಕಡೆ 2ರಿಂದ ಭಾಗಿಸಿದರೆ ಯ + ನ = 90. ನಮಗೆ ಬೇಕಾಗಿದ್ದ ∠ಬಕಡ ಅದೇ.

ಯ ಎಷ್ಟು, ನ ಎಷ್ಟು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಬೀಜಗಣಿತ ಒಂದು ಪುಸ್ತಕ, ರೇಖಾಗಣಿತ ಇನ್ನೊಂದು ಎಂದುಕೊಂಡ ಮಕ್ಕಳಿಗೆ ನಾನು ಇದೇ ಲೆಕ್ಕವನ್ನು ಕೊಡುತ್ತಿದ್ದೆ. ಆಸಕ್ತಿ ಉಳಿದಿದ್ದರೆ ಅ ಬಿಂದುವಿನಲ್ಲಿ ಕೈವಾರದ ಮುಳ್ಳು ಊರಿ, ಅಬ ಅಳತೆಯ ವೃತ್ತ ಎಳೆಯಲಿ. ಅದು ಬ, ಕ, ಡ ಮೂರನ್ನೂ ಹಾದುಹೋಗುತ್ತದೆ, ಬಡ ಅದರ ವ್ಯಾಸ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯವನ್ನು ಅವಳು ಆಗಲೇ ಸಾಧಿಸಿ ಮುಗಿಸಿರುತ್ತಾಳೆ.

ಸಂಜೆಯ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಹತ್ತು ಲೆಕ್ಕ ನಕಲು ಮಾಡುವುದಕ್ಕಿಂತ ಮೂರು ಲೆಕ್ಕ, ಪ್ರತಿ ಸಾಲಿಗೂ ಕಾರಣ ಬರೆದು ಮಾಡುವುದು ಮೇಲು. ಹೋಮ್‌ವರ್ಕ್ ಜಾಸ್ತಿ ಇದ್ದರೆ ಉಳಿದವನ್ನು ಮಾಮೂಲಿನಂತೆ ಮಾಡಿಕೊಳ್ಳಲಿ. ನೀವು ಪಕ್ಕದಲ್ಲಿ ಕೂತು, ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದು ಹೇಗೆ ಬಂತು?’ ಎಂದು ಕೇಳಿ. ತಪ್ಪಾದ ಸಾಲಿನ ಮೇಲೆ ಮಾತ್ರ ಬೆರಳಿಟ್ಟರೆ ಬೆರಳು ನೋಡಿಯೇ ತಪ್ಪು ಎಂದು ಊಹಿಸುತ್ತಾಳೆ, ಆದ್ದರಿಂದ ಸರಿಯಾದ ಸಾಲುಗಳ ಮೇಲೂ ಕೇಳಿ. ಉತ್ತರ ನಿಮಗೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಲು ಸಂಕೋಚ ಬೇಡ. ಗಣಿತ ಗೊತ್ತಿರುವ ತಂದೆತಾಯಿಗಳು ಅರ್ಧ ಮಾತಿಗೇ ತಲೆಯಾಡಿಸಿಬಿಡುತ್ತಾರೆ, ನಿಮಗೆ ಅವಳು ಪೂರ್ತಿ ಹೇಳಲೇಬೇಕಾಗುತ್ತದೆ.

ಈ ವಾರಕ್ಕೆ ಒಂದು ಕೆಲಸ ಕೊಡಿ. ಮೊದಲ ಲೆಕ್ಕದಲ್ಲಿ ‘12 ವರ್ಷಗಳ ನಂತರ’ ಎಂಬುದನ್ನು 15 ಮಾಡಿ ಬಿಡಿಸಲಿ, ಆಮೇಲೆ 20 ಮಾಡಲಿ. ಮಗಳ ವಯಸ್ಸು ಪ್ರತಿ ಸಲವೂ ಆ ವರ್ಷಗಳಷ್ಟೇ ಬರುತ್ತದೆ. ಸಂಖ್ಯೆಯ ಜಾಗದಲ್ಲಿ ಒಂದು ಅಕ್ಷರ ಹಾಕಿ ಬಿಡಿಸಿದರೆ ಏಕೆ ಎಂದು ಅವಳಿಗೇ ಕಾಣುತ್ತದೆ. ಕೊನೆಗೆ 6 ಹಾಕಿಸಿ. ಮಗಳಿಗೆ 6, ತಂದೆಗೆ 18 ಎಂದು ಬರುತ್ತದೆ, ತಾಳೆಯೂ ಆಗುತ್ತದೆ. ಎರಡು ಗೆರೆ ಎಳೆಯುವ ಮೊದಲು, ಮಗಳು ಹುಟ್ಟಿದಾಗ ತಂದೆಗೆ ಎಷ್ಟು ವರ್ಷವಾಗಿತ್ತು ಎಂದು ಕೇಳಿ.